ಯೂನಿವರ್ಸಿಟಿ ಅಸಲಿ, ಮಾರ್ಕ್ಸ್ ಕಾರ್ಡ್ ನಕಲಿ

ಆನ್‌ಲೈನ್ ಡಿಗ್ರಿಗೆ ದುಡ್ಡು ಕಟ್ಟಬೇಕು ಅಂತಿರೋರು ಇದನ್ನು ಓದಿ. ಕಲಬುರಗಿಯಲ್ಲಿ ನಮ್ಮ ಅಕ್ಕನ ಮಗನಿಗೆ ಆದದ್ದು. ವಿವಿಗಳ ಮೇಲೆ ನಿಗಾ ಇಡೋ ಯುಜಿಸಿಯ ನಕಲಿ ವಿವಿಗಳ ಪಟ್ಟಿ ನೋಡಿಯೇ ಅವನು ಅಡ್ಮಿಷನ್ ಮಾಡಿಸಿದ್ದ. ಆದರೂ ಕೈ ಸುಟ್ಟುಕೊಂಡ.

ಅವನದು ಒಂದು ಫೈನಾನ್ಸ್ ಕಂಪನಿಯಲ್ಲಿ ಕಲೆಕ್ಷನ್ ಕೆಲಸ. ಬಿಕಾಂ ಆದರೆ ಪ್ರಮೋಷನ್ ಅಂದರು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕನ್ಸಲ್ಟೆನ್ಸಿಗೆ ಹೋದ. ಅವರು ಹೊರರಾಜ್ಯದ ಒಂದು ವಿವಿಯ ಹೆಸರು ಹೇಳಿದರು. ವಿವಿ ನಿಜವಾದದ್ದೇ, ಮಾನ್ಯತೆಯೂ ಇದೆ. "ಪರೀಕ್ಷೆಗೆ ಬರೋದ್ ಬ್ಯಾಡ್ರಿ, ಎಲ್ಲಾ ನಾವ ನೋಡ್ಕೋತೀವಿ" ಅಂದರಂತೆ. ನಲವತ್ತೈದು ಸಾವಿರ ಕಟ್ಟಿದ. ರಸೀದಿಯಲ್ಲಿ 'ಸರ್ವಿಸ್ ಚಾರ್ಜ್' ಅಂತಿತ್ತು. ದುಡ್ಡು ಹೋದದ್ದು ಯಾರದೋ ಸ್ವಂತ ಖಾತೆಗೆ.

ಕ್ಲಾಸ್ ಒಂದೂ ಆಗಲಿಲ್ಲ. ವರ್ಷ ತುಂಬೋದರೊಳಗೆ ಮೂರೂ ವರ್ಷದ ಮಾರ್ಕ್ಸ್ ಕಾರ್ಡ್ ಬಂದವು. ನಾನೂ ಕೈಯಲ್ಲಿ ಹಿಡಿದು ನೋಡಿದೆ. ದಪ್ಪ ಕಾಗದ, ಹೊಳೆಯೋ ಹಾಲೋಗ್ರಾಮ್, ಮೂಲೆಯಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ತೆರೆದದ್ದು ವಿವಿಯ ಸೈಟ್ ಅಲ್ಲ, ಅದೇ ಲೋಗೋ ಹಾಕಿಕೊಂಡ ಬೇರೊಂದು ಸೈಟ್. ಮೊದಲ ಸೆಮಿಸ್ಟರ್ ಪರೀಕ್ಷೆಯ ತಿಂಗಳು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗ ಇವನು ಇನ್ನೂ ಪಿಯುಸಿ ಸಪ್ಲಿಮೆಂಟರಿ ಬರೀತಿದ್ದ!

ಕಂಪನಿಯವರು ವೆರಿಫಿಕೇಷನ್‌ಗೆ ವಿವಿಗೇ ಮೇಲ್ ಹಾಕಿದರು. ಇಂಥ ರಿಜಿಸ್ಟರ್ ನಂಬರ್ ನಮ್ಮಲ್ಲಿಲ್ಲ ಅಂತ ಉತ್ತರ ಬಂತು. ಪ್ರಮೋಷನ್ ಬಿಡಿ, ಇದ್ದ ಕೆಲಸವೂ ಹೋಯಿತು. "ಮಾಮಾ, ಅವ್ರು ಫೋನ್ ಎತ್ತವಲ್ರು" ಅಂತ ನನ್ನ ಹತ್ತಿರ ಬಂದ. ಕನ್ಸಲ್ಟೆನ್ಸಿಗೆ ಹೋಗಿ ನೋಡಿದರೆ ಬೋರ್ಡೇ ಇಳಿಸಿದ್ದರು.

ನಕಲಿ ಪಟ್ಟಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ನಿಮ್ಮ ಕೋರ್ಸ್ ಸರಿ ಅಂತಲ್ಲ. ಆ ವಿವಿಗೆ, ಆ ಕೋರ್ಸಿಗೆ, ಈ ವರ್ಷದ ಅಡ್ಮಿಷನ್‌ಗೆ ಆನ್‌ಲೈನ್ ಅನುಮತಿ ಇದೆಯಾ ಅನ್ನೋದೇ ಬೇರೆ ಪ್ರಶ್ನೆ. ಅದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿಯ ಸೈಟಿನಲ್ಲಿ ನೋಡಬೇಕು. ವರ್ಷ ಯಾಕೆ ಮುಖ್ಯ ಅಂತೀರಾ? ಮೈಸೂರಿನ ನಮ್ಮ ಮುಕ್ತ ವಿವಿ ಸರ್ಕಾರದ್ದೇ. ಅದಕ್ಕೂ 2013-14ರಿಂದ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕದ್ದು 2018ರಲ್ಲಿ. ನಡುವೆ ಸೇರಿದವರು ಪಟ್ಟ ಪಾಡು ನಮ್ಮ ಕಡೆ ಬಹಳ ಮನೆಗಳಿಗೆ ಗೊತ್ತು.

ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಲಾ ಡಿಗ್ರಿಗಳಿಗೆ ಆನ್‌ಲೈನ್ ಅವಕಾಶವೇ ಇಲ್ಲ, ಪಿಎಚ್‌ಡಿಗೂ ಇಲ್ಲ. ಇವನ್ನು ಆನ್‌ಲೈನ್ ಮಾಡಿಸ್ತೀವಿ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ವಿವಿಗಳು ಆನ್‌ಲೈನ್ ಕೋರ್ಸನ್ನು ಹೊರಗಿನವರಿಗೆ ಫ್ರಾಂಚೈಸಿ ಕೊಡುವ ಹಾಗೂ ಇಲ್ಲ. ಹೀಗಾಗಿ ಅಡ್ಮಿಷನ್, ಫೀಸು, ಪರೀಕ್ಷೆ ಎಲ್ಲಾ ವಿವಿಯ ಜೊತೆ ನೇರವಾಗಿಯೇ ನಡೀಬೇಕು. 2024-25ರಿಂದ ವಿದ್ಯಾರ್ಥಿಯೇ ಡಿಇಬಿ ಐಡಿ, ಅಂದರೆ ಆ ಬ್ಯೂರೋದ ಗುರುತಿನ ಸಂಖ್ಯೆ, ಮಾಡಿಕೊಳ್ಳಬೇಕು. ಅದರ ಹೆಸರೇ ಎತ್ತದ ಏಜೆಂಟನನ್ನು ನಾನಂತೂ ನಂಬಲ್ಲ.

ಹಾಗಂತ ಆನ್‌ಲೈನ್ ಡಿಗ್ರಿ ಅಂದ್ರೇನೇ ಮೋಸ ಅಲ್ಲ. ಅನುಮತಿ ಇದ್ದ ವಿವಿಯಿಂದ ಪಡೆದದ್ದು ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲೇ ಯುಜಿಸಿ ಹೇಳಿದೆ. ಆದರೆ ಬಿಕಾಂ ಇಲ್ಲೂ ಮೂರು ವರ್ಷದ ಕೋರ್ಸೇ, ಒಂದೇ ವರ್ಷದಲ್ಲಿ ಮುಗಿಯೋದಲ್ಲ.

ದುಡ್ಡು ಈಗಷ್ಟೇ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಕಲಿ ಕಾರ್ಡ್ ಈಗಾಗಲೇ ಕೈಯಲ್ಲಿದ್ದರೆ ಅದನ್ನು ಎಲ್ಲಿಯೂ ಅರ್ಜಿಗೆ ಲಗತ್ತಿಸಬೇಡಿ. ಗೊತ್ತಿದ್ದೂ ಕೊಟ್ಟರೆ ಕೇಸು ನಿಮ್ಮ ಮೇಲೂ ಬೀಳುತ್ತೆ.