ಆಟ ಸೂಪರ್, ನೆಟ್‌ವರ್ಕ್ ಮಾತ್ರ ಪಜೀತಿ

ಈ ಗೇಮ್ ಕನ್ಸೋಲ್‌ನ ಗ್ರಾಫಿಕ್ಸ್, ಕಂಟ್ರೋಲರ್ ಬಗ್ಗೆ ಎಲ್ಲರೂ ಬರೆದಾಗಿದೆ. ವರ್ಷಗಳ ಬಳಕೆಯ ನಂತರವೂ ಅವುಗಳ ಮೇಲೆ ನನಗೆ ತಕರಾರಿಲ್ಲ. ತಲೆ ತಿಂದಿದ್ದು ನೆಟ್‌ವರ್ಕ್ ಒಂದೇ. ಹಾಗಾಗಿ ಇಲ್ಲಿ ಅದರದ್ದೇ ಮಾತು.

ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ಟೆಸ್ಟ್ ಇದೆ. ಡೌನ್‌ಲೋಡ್ ಸ್ಪೀಡ್ ಭರ್ಜರಿಯಾಗಿಯೇ ತೋರಿಸುತ್ತದೆ. ಆದರೆ ಆಡಲು ಕೂತರೆ ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷ! ಆನ್‌ಲೈನ್ ಆಟಕ್ಕೆ ಸ್ಪೀಡ್ ತುಂಬಾ ಜಾಸ್ತಿ ಬೇಕಿಲ್ಲ. ಪಿಂಗ್ (ಡೇಟಾ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ಏರಿಳಿಯಬಾರದು, ಪ್ಯಾಕೆಟ್ (ಡೇಟಾದ ತುಣುಕು) ದಾರಿಯಲ್ಲಿ ಕಳೆದುಹೋಗಬಾರದು, ಅಷ್ಟೇ. ಈ ಟೆಸ್ಟ್ ಅದನ್ನೇ ಹೇಳುವುದಿಲ್ಲ.

ನನ್ನಲ್ಲಿ ಕಿತಾಪತಿ ಮಾಡುತ್ತಿದ್ದದ್ದು ಹಿಂಬದಿಗೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಡಿಸ್ಕ್ ಮತ್ತು ಅದರ ಕೇಬಲ್‌ನಿಂದ ಹೊರಡುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡ ಬರುತ್ತದೆ. ಡಿಸ್ಕ್ ಕಿತ್ತರೆ ಆಟ ಸಲೀಸು, ಹಾಕಿದರೆ ಮತ್ತೆ ಅದೇ ಗೋಳು. ಡಿಸ್ಕನ್ನು ಸ್ವಲ್ಪ ದೂರ ಸರಿಸಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದೆ. ಎಷ್ಟೋ ವಾಸಿ ಆಯಿತು. ಆದರೆ 5 ಗಿಗಾಹರ್ಟ್ಸ್‌ಗೂ ಗೋಡೆಗೂ ಆಗಿಬರಲ್ಲ. ರೂಟರ್ ಪಕ್ಕದ ಕೋಣೆಯಲ್ಲಿ, ಕನ್ಸೋಲ್ ಟಿವಿ ಹಿಂದೆ ಕಪಾಟಿನೊಳಗೆ ಇದ್ದರೆ ಸಿಗ್ನಲ್ ಸೊರಗುತ್ತದೆ. ಕೊನೆಗೆ ಲ್ಯಾನ್ ಕೇಬಲ್ ಎಳೆದೆ. ದುಬಾರಿ 'ಗೇಮಿಂಗ್ ಕೇಬಲ್' ಏನೂ ಬೇಡ. ಸಾಧಾರಣ ಕ್ಯಾಟ್ 5ಇ ಕೇಬಲ್ಲೇ 100 ಮೀಟರ್‌ವರೆಗೆ 1 ಗಿಗಾಬಿಟ್ ಸಾಗಿಸುತ್ತದೆ.

ಕೇಬಲ್ ಹಾಕಿದ ಮೇಲೂ ಒಂದು ಕಾಟ ಉಳಿಯಿತು. ಆಟ ನಡೆಯುತ್ತದೆ, ಪಾರ್ಟಿ ಚಾಟ್‌ನಲ್ಲಿ ಗೆಳೆಯನ ದನಿಯೇ ಇಲ್ಲ. ಇದು ನ್ಯಾಟ್ ಸಮಸ್ಯೆ, ಅಂದರೆ ಒಂದೇ ಇಂಟರ್ನೆಟ್ ವಿಳಾಸವನ್ನು (ಐಪಿ) ಮನೆಯ ಎಲ್ಲಾ ಸಾಧನಗಳಿಗೂ ಹಂಚುವ ರೂಟರ್ ವ್ಯವಸ್ಥೆಯದ್ದು. ಮೊದಲು ರೂಟರ್‌ನಲ್ಲಿ ಯುಪಿಎನ್‌ಪಿ (ಕನ್ಸೋಲ್‌ಗೆ ಬೇಕಾದ ದಾರಿ ತಾನಾಗಿ ತೆರೆಯುವ ಸೌಲಭ್ಯ) ಆನ್ ಇದೆಯಾ ನೋಡಿ. ಆಮೇಲೆ ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯಿಂದ ರೂಟರ್‌ಗೆ ಸಿಕ್ಕ ವಿಳಾಸ) ನೋಡಿ. ಅದು 192.168 ಅಂತ ಶುರುವಾದರೆ ಇಂಟರ್ನೆಟ್‌ನವರು ಕೊಟ್ಟ ಮೋಡೆಮ್ಮೂ ರೂಟರ್ ಕೆಲಸ ಮಾಡುತ್ತಿದೆ ಅಂತರ್ಥ. ಎರಡರಲ್ಲಿ ಒಂದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಡೇಟಾ ದಾಟಿಸುವುದಷ್ಟೇ) ಹಾಕಬೇಕು. ನನ್ನದು ಹೀಗೇ ಸರಿಹೋಯಿತು. ವ್ಯಾನ್ ಐಪಿ 100.64ರಿಂದ 100.127ರೊಳಗೆ ಇದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಇಂಟರ್ನೆಟ್‌ನವರು ಒಂದೇ ಪಬ್ಲಿಕ್ ಐಪಿಯನ್ನು (ಹೊರಜಗತ್ತಿಗೆ ಕಾಣುವ ವಿಳಾಸ) ಎಷ್ಟೋ ಮನೆಗಳಿಗೆ ಹಂಚಿದ್ದಾರೆ. ಪೋರ್ಟ್ ಫಾರ್ವರ್ಡ್ (ರೂಟರ್‌ನಲ್ಲಿ ಕೈಯಾರೆ ದಾರಿ ತೆರೆಯುವುದು) ಅಂತ ಗುದ್ದಾಡುವುದು ಸುಮ್ನೆ ದಂಡ, ಅವರಿಗೇ ಫೋನ್ ಮಾಡಿ ಪಬ್ಲಿಕ್ ಐಪಿ ಕೇಳಿ.

ಅಂದಹಾಗೆ, ಯಾರನ್ನು ಕೇಳಿದರೂ 'ಡಿಎನ್‌ಎಸ್ 8.8.8.8 ಹಾಕು' ಅನ್ನುತ್ತಾರೆ, ಅಲ್ವಾ? ಡಿಎನ್‌ಎಸ್ ಅಂದರೆ ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ, 8.8.8.8 ಗೂಗಲ್‌ನದ್ದು. ಸ್ಟೋರ್ ತೆರೆಯದಿದ್ದಾಗ ಅದು ನೆರವಾಗಬಹುದು. ಆಟದ ಮಧ್ಯೆ ಪಿಂಗ್ ಇಳಿಸಲ್ಲ.

ಕನ್ಸೋಲ್ ಮೇಲೆ ನನ್ನ ದೂರು ಇಷ್ಟೇ: ಕನೆಕ್ಷನ್ ಕಡಿದಾಗ ಒಂದು ಎರರ್ ಕೋಡ್ ಬಿಸಾಕಿ ಕೈತೊಳೆದುಕೊಳ್ಳುತ್ತದೆ. ತೊಂದರೆ ರೂಟರ್‌ವರೆಗಿನದಾ, ಅದರಾಚೆಯದಾ ಅಂತಲಾದರೂ ಹೇಳಬಹುದಿತ್ತು. ಅದಕ್ಕೇ 5ಕ್ಕೆ 4 ಸ್ಟಾರ್. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದ ಮನೆಯಾದರೆ 3.