ಪೂಣಚ್ಚನವರ ಪೇಪರ್ ಕಟಿಂಗ್‌ಗಳನ್ನು ಹೊಲಿದುಕೊಟ್ಟ ಮಡಿಕೇರಿಯ ಬೈಂಡಿಂಗ್ ಅಂಗಡಿ

ಹಳೆಯ ಪೇಪರ್ ಕಟಿಂಗ್‌ಗಳನ್ನು ನಂಬಿ ಕೊಡಬಹುದಾದ ಬೈಂಡಿಂಗ್ ಅಂಗಡಿ ಮಡಿಕೇರಿಯಲ್ಲಿ ಇನ್ನೂ ಒಂದಿದೆ. ಮಹದೇವಪೇಟೆಯಲ್ಲಿ, ಬೋರ್ಡು ಕೂಡ ಇಲ್ಲದ ಒಂದೇ ಬಾಗಿಲಿನ ಮಳಿಗೆ. ಶಾಲೆಯ ರಿಜಿಸ್ಟರು, ಸೊಸೈಟಿಯ ಲೆಡ್ಜರು ಹೊಲಿಯುವವರು ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ. ನಾನು ಮಾಡಿಸಿದ್ದು ರಿಜಿಸ್ಟರಿಗಿಂತ ಬಹಳ ಕಷ್ಟದ ಕೆಲಸ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಕೊಟ್ಟದ್ದು ಸಿ.ಎಂ. ಪೂಣಚ್ಚನವರ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನು ನನ್ನ ಅಪ್ಪ ಕೂಡಿಟ್ಟಿದ್ದ ಕಟ್ಟು. ಅವರು ಕೊಡಗು ರಾಜ್ಯ ಸರ್ಕಾರದಲ್ಲಿ ಗುಮಾಸ್ತರಾಗಿದ್ದವರು. ಕೊಡಗು ಒಂದು ರಾಜ್ಯವಾಗಿತ್ತು, ಅದಕ್ಕೊಬ್ಬ ಮುಖ್ಯಮಂತ್ರಿ ಇದ್ದರು ಎಂದರೆ ಈಗ ಕಾಲೇಜಿಗೆ ಹೋಗುವ ಮಕ್ಕಳೂ ಹೌದಾ ಎಂದು ಕೇಳುತ್ತಾರೆ. 1952ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಗೆ 24 ಸ್ಥಾನ. ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9. ಇವತ್ತು ಇಡೀ ಜಿಲ್ಲೆಗೆ ಇರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರ. ಆಗ ಮುಖ್ಯಮಂತ್ರಿಯಾದವರು ಸಿ.ಎಂ. ಪೂಣಚ್ಚ. ಸಂಪುಟದಲ್ಲಿ ಅವರ ಜೊತೆಗಿದ್ದದ್ದು ಕೆ. ಮಲ್ಲಪ್ಪ ಒಬ್ಬರೇ. ಇಬ್ಬರೇ ಸೇರಿ ಒಂದು ರಾಜ್ಯವನ್ನು ನಡೆಸಿದರು.

ಅಪ್ಪ ಆ ವರ್ಷದಿಂದ ಪೂಣಚ್ಚನವರ ಸುದ್ದಿ ಎಲ್ಲಿ ಬಂದರೂ ಕತ್ತರಿಸಿ ಇಟ್ಟುಕೊಂಡರು. ಒಲೆಯ ಮೇಲಿನ ಅಟ್ಟದಲ್ಲಿ ಟ್ರಂಕು ಇದ್ದದ್ದರಿಂದ ಹೊಗೆ ತಾಗಿ ಬೂಷ್ಟು ಹಿಡಿದಿರಲಿಲ್ಲ. ಮನೆಗೆ ಗ್ಯಾಸ್ ಬಂದ ಮೇಲೆ ಆ ರಕ್ಷಣೆಯೂ ಹೋಯಿತು. ಅಂಚುಗಳು ಮುಟ್ಟಿದರೆ ಪುಡಿಯಾಗುವ ಹಾಗೆ ಆಗಿದ್ದವು.

ಮೊದಲು ವಿಚಾರಿಸಿದ ಕಡೆಯಲ್ಲೆಲ್ಲ ಲ್ಯಾಮಿನೇಶನ್ ಮಾಡಿಸಿ ಎಂದರು. ಈ ಅಂಗಡಿಯವರು ಮಾತ್ರ ಖಡಾಖಂಡಿತವಾಗಿ ಬೇಡ ಎಂದರು. ಪತ್ರಿಕೆಯ ಕಾಗದದ ಒಳಗೇ ಆಮ್ಲ ಇರುತ್ತದೆ, ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದರೂ ಅದು ಒಳಗಿನಿಂದ ತಿನ್ನುತ್ತಲೇ ಇರುತ್ತದೆ, ಅದರ ಮೇಲೆ ನಮ್ಮ ಊರಿನ ತೇವ ಸಿಕ್ಕಿಕೊಂಡರೆ ಬಿಡಿಸಲು ದಾರಿಯೇ ಇಲ್ಲ ಎಂದು ತಿಳಿಸಿ ಹೇಳಿದರು. ಫೆವಿಕಾಲನ್ನೂ ಮುಟ್ಟಲಿಲ್ಲ. ಮೈದಾ ಅಂಟನ್ನೇ ಕಾಯಿಸಿ, ಹುಳ ಬಾರದಂತೆ ಚಿಟಿಕೆ ಮೈಲುತುತ್ತ ಸೇರಿಸಿದರು. ತೋಟದಲ್ಲಿ ರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸುವ ನಮಗೆ ಮೈಲುತುತ್ತ ಹೊಸದಲ್ಲ, ಪುಸ್ತಕಕ್ಕೂ ಆಗುತ್ತದೆ ಎಂದು ನೋಡಿದ್ದು ಅಲ್ಲೇ. ಮೈದಾ ಅಂಟಾದರೆ ನಾಳೆ ಯಾರಿಗಾದರೂ ಬಿಡಿಸಬೇಕೆಂದರೆ ನೀರು ಸವರಿ ಬಿಡಿಸಬಹುದು. ಅಪ್ಪ ಹಚ್ಚಿದ್ದ ಸೆಲ್ಲೋಟೇಪಿನ ಕಂದು ಕಲೆ ಮಾತ್ರ ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು.

ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಅವರು ಕಾಗದಗಳನ್ನು ಜೋಡಿಸಿದ ರೀತಿ. ಮೇಜಿನ ಮೇಲೆ ಹರಡಿ ನೋಡಿ, "ಇದೆಲ್ಲ ಒಬ್ಬರದ್ದೇ ಅಲ್ವಾ ಅಮ್ಮ, ತಾರೀಖಿನ ಪ್ರಕಾರ ಹೊಲಿಯುವ. ಎಲ್ಲಿ ಕಟಿಂಗ್ ಇಲ್ಲವೋ ಅಲ್ಲಿ ಖಾಲಿ ಹಾಳೆ ಬಿಡ್ತೇನೆ, ನೀವು ಬರೀರಿ" ಎಂದರು. ಹಾಗಾಗಿ ಶುರುವಿನ ಹಾಳೆಗಳನ್ನು ನಾನೇ ತುಂಬಿಸಿದೆ: ಪೂಣಚ್ಚನವರು 1910ರಲ್ಲಿ ಹುಟ್ಟಿದ್ದು, ಸತ್ಯಾಗ್ರಹದಲ್ಲಿ ಜೈಲು, 1942ರ ಚಳವಳಿಯಲ್ಲಿ ಮತ್ತೆ ಜೈಲು, ಕೊಡಗಿನ ಕೌನ್ಸಿಲ್, ಆಮೇಲೆ ಸಂವಿಧಾನ ಸಭೆ.

ಕಟ್ಟಿನ ಬಹುಪಾಲು ವಿಲೀನದ ಕಾಲದ್ದು. ಪೂಣಚ್ಚನವರ ಕಾಂಗ್ರೆಸ್ಸು ಕೊಡಗು ಕನ್ನಡನಾಡಿಗೆ ಸೇರಬೇಕು ಎಂದಿತು. ಎದುರಿಗೆ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ, ಪ್ರತ್ಯೇಕವಾಗಿಯೇ ಇರಬೇಕು ಎಂದು. ಇಬ್ಬರೂ ಗಾಂಧಿಯ ದಾರಿಯಲ್ಲಿ ನಡೆದವರೇ. ನನ್ನ ಅಪ್ಪ ತಕ್ಕಡಿಗೆ ಓಟು ಹಾಕಿದವರು, ಆದರೂ ಕೂಡಿಟ್ಟದ್ದು ಪೂಣಚ್ಚನವರ ಸುದ್ದಿಯನ್ನು. ಕೇಳಿದರೆ, ತಾನು ಕುಳಿತ ಕುರ್ಚಿಯೇ ಇಲ್ಲವಾಗುತ್ತದೆ ಎಂದು ಗೊತ್ತಿದ್ದೂ ಮಾತು ಬದಲಿಸದ ಮನುಷ್ಯ ಎನ್ನುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು, 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಮುಖ್ಯಮಂತ್ರಿಯ ಹುದ್ದೆಯೂ ಅಪ್ಪನ ಕಚೇರಿಯೂ ಒಟ್ಟಿಗೆ ಮುಗಿದವು. ಅಪ್ಪ ಆ ವರ್ಷದ ತಕ್ಕಡಿ ಕರಪತ್ರಗಳನ್ನೂ ಇದೇ ಕಟ್ಟಿಗೆ ಸೇರಿಸಿದ್ದರು. ಬೈಂಡಿಂಗಿನವರು ಅವನ್ನು ಹಿಂದಕ್ಕೆ ತಳ್ಳದೆ ಎಡಪುಟದಲ್ಲಿ ಕರಪತ್ರ, ಬಲಪುಟದಲ್ಲಿ ಕಾಂಗ್ರೆಸ್ಸಿನ ಸುದ್ದಿ ಬರುವಂತೆ ಎದುರುಬದುರು ಕೂರಿಸಿದ್ದಾರೆ. ಪುಸ್ತಕ ತೆರೆದರೆ ಆ ವಾದ ಇನ್ನೂ ನಡೆಯುತ್ತಿದೆ.

ಮುಂದಿನದು ಕಡಿಮೆ ಹಾಳೆಗಳಲ್ಲಿ ಮುಗಿಯುತ್ತದೆ: ಮೈಸೂರು ರಾಜ್ಯದಲ್ಲಿ ಮಂತ್ರಿ, ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ನಿನ ಅಧ್ಯಕ್ಷ, ರಾಜ್ಯಸಭೆ, 1967ರಲ್ಲಿ ಮಂಗಳೂರಿನಿಂದ ಲೋಕಸಭೆ. ಆಮೇಲೆ ಕೇಂದ್ರದ ರೈಲ್ವೆ ಮಂತ್ರಿ. ಇವತ್ತಿಗೂ ಹಳಿ ಇಲ್ಲದ ನಮ್ಮ ಜಿಲ್ಲೆಯವರು ದೇಶದ ರೈಲ್ವೆ ಬಜೆಟ್ ಮಂಡಿಸಿದರು ಎಂಬುದು ನನಗೆ ಈಗಲೂ ಹೆಮ್ಮೆ. ಆ ದಿನದ ಇಡೀ ಪುಟವನ್ನು ಅಪ್ಪ ಕತ್ತರಿಸದೆ ಇಟ್ಟಿದ್ದರು. ಅದನ್ನು ಮಡಚಿ, ಬಿಚ್ಚಿದರೆ ಹೊರಗೆ ಹರಡುವ ಹಾಗೆ ಹೊಲಿದಿದ್ದಾರೆ. ಮಡಿಕೆ ಬರುವಲ್ಲಿ ತೆಳು ಬಟ್ಟೆಯ ಪಟ್ಟಿ ಕೊಟ್ಟಿದ್ದಾರೆ. ಕೊನೆಗೆ ಮಧ್ಯಪ್ರದೇಶದ, ಒಡಿಶಾದ ರಾಜ್ಯಪಾಲರಾಗಿದ್ದ ಕಾಲದ ಫೋಟೋಗಳು, ಮತ್ತು 1990ರಲ್ಲಿ ತೀರಿಕೊಂಡ ಸುದ್ದಿ.

ಕೊರತೆಯನ್ನೂ ಹೇಳಬೇಕು. ಅಂಚು ಸಮ ಮಾಡಲು ಕಟಿಂಗ್ ಮೆಷಿನ್ನಿಗೆ ಕೊಟ್ಟಾಗ ಕೆಲವು ಹಾಳೆಗಳಲ್ಲಿ ಅಪ್ಪ ಶಾಯಿಯಲ್ಲಿ ಬರೆದಿದ್ದ ತಾರೀಖುಗಳು ಹೋದವು. ನನಗೆ ಅಳುವೇ ಬಂತು. ಅವರು ಚೂರುಗಳ ಬುಟ್ಟಿಯನ್ನು ನೆಲಕ್ಕೆ ಸುರಿದು, ಆ ಪಟ್ಟಿಗಳನ್ನು ಹುಡುಕಿ ಆಯಾ ಹಾಳೆಯ ಕೆಳಗೆ ಅಂಟಿಸಿಕೊಟ್ಟರು. ಎಲ್ಲವೂ ಸಿಕ್ಕವು, ಆದರೆ ಆ ಜೋಡಣೆ ಕಣ್ಣಿಗೆ ಕಾಣುತ್ತದೆ. ಅಂಚಿನಲ್ಲಿ ಬರಹ ಇರುವ ಕಾಗದ ಕೊಡುವವರು ಮೆಷಿನ್ನಿಗೆ ಹಾಕಬೇಡಿ ಎಂದು ಬರೆದೇ ಕೊಡಿ. ಇನ್ನೊಂದು, ಬೆನ್ನಿನ ಮೇಲಿನ ಚಿನ್ನದ ಅಕ್ಷರ ತೀರಾ ಸಣ್ಣದಾಯಿತು, ಕಪಾಟಿನಲ್ಲಿಟ್ಟರೆ ಓದಲಾಗುವುದಿಲ್ಲ.

ಒಟ್ಟು 1,850 ರೂಪಾಯಿ ಆಯಿತು. ಕ್ಯಾಲಿಕೋ ಬಟ್ಟೆಯ ಬೆನ್ನು, ದಪ್ಪ ರಟ್ಟು, ಕೈಹೊಲಿಗೆ, ಎರಡು ಕಟಿಂಗ್ ನಡುವೆ ಬೆನ್ನಿಗೆ ಕಾಗದದ ಪಟ್ಟಿ ಕೊಟ್ಟಿರುವುದರಿಂದ ಪುಸ್ತಕ ಉಬ್ಬದೆ ಸಪಾಟಾಗಿ ತೆರೆಯುತ್ತದೆ. ಆ ಕೆಲಸಕ್ಕೆ ಇದು ಕಡಿಮೆಯೇ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ, ಅಂಟು ಒಣಗುವುದಿಲ್ಲ ಎಂದು ವಾಪಸು ಕಳಿಸುತ್ತಾರೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೇಲೆ ಹೋಗುವುದು ಒಳ್ಳೆಯದು.

ಅಪ್ಪನ ಟ್ರಂಕಿನಲ್ಲಿ ಇನ್ನೊಂದು ಕಟ್ಟು ಇದೆ, ಸೋಮವಾರಪೇಟೆಯಿಂದ ಗೆದ್ದು 1980ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ ಗುಂಡೂರಾಯರದ್ದು. ಈ ಸಲ ಮಳೆ ಬಿಟ್ಟ ಮೇಲೆ ಅದನ್ನೂ ಅಲ್ಲಿಗೇ ಕೊಡುತ್ತೇನೆ, ಅಂಚು ಕತ್ತರಿಸಬಾರದು ಎಂಬ ಚೀಟಿಯ ಜೊತೆ.