ರಾಗಿ ಮಾಲ್ಟ್ ಪೊಟ್ಟಣ: ರಾಗಿ ಎಷ್ಟು, ಬೆಲ್ಲ ಎಷ್ಟು?

ಅಂಗಡಿಯಲ್ಲಿ ರಾಗಿ ಮಾಲ್ಟ್ ಅಂತ ಸಿಗುವುದು ಹೆಚ್ಚಾಗಿ ಮೂರು ಬಗೆ: ಬೆಲ್ಲವೋ ಸಕ್ಕರೆಯೋ ಬೆರೆತ ಪೊಟ್ಟಣ, ಬಾದಾಮಿ-ಏಲಕ್ಕಿ ಹಾಕಿದ ದುಬಾರಿ ಡಬ್ಬಿ, ಬರೀ ಮೊಳಕೆ ರಾಗಿಯ ಹಿಟ್ಟು. ದಿನಾ ಕುಡಿಯುವ ಮನೆಗೆ ನಮ್ಮ ಓಟು ಮೂರನೆಯದಕ್ಕೆ.

ಮೊದಲನೆಯದನ್ನು ಕೊಳ್ಳುವ ಮುಂಚೆ ಹಿಂಬದಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕೆಂಬುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಬೆಲ್ಲ ಮೊದಲು, ರಾಗಿ ಆಮೇಲೆ ಅಂತಿದ್ದರೆ ಅದು ರಾಗಿ ಬೆರೆಸಿದ ಬೆಲ್ಲದ ಪುಡಿ. ಮುಂದೆ 'ಸಕ್ಕರೆ ಸೇರಿಸಿಲ್ಲ' ಎಂದು ದಪ್ಪಕ್ಷರ, ಹಿಂದೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ, ರಕ್ತದ ಸಕ್ಕರೆ ಏರಿಸುವ ಪಿಷ್ಟದ ಪುಡಿ: ಈ ಜಾಣತನವೂ ಉಂಟು.

ಲೆಕ್ಕ ಹಾಕಿ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ. ಒಂದು ಲೋಟಕ್ಕೆ 30 ಗ್ರಾಂ ಪುಡಿ, ಅದರಲ್ಲಿ ಅರ್ಧ ಬೆಲ್ಲ ಅಂದರೆ ರಾಗಿಯಿಂದ ಬರುವುದು 55 ಮಿ.ಗ್ರಾಂ. 100 ಗ್ರಾಂ ಹಿಟ್ಟಿನ ಒಂದು ಮುದ್ದೆ ಉಂಡವರಿಗೆ ಇದರ ಆರು ಪಟ್ಟಿಗೂ ಹೆಚ್ಚು. ಜೊತೆಗೆ ಬಂದ 15 ಗ್ರಾಂ ಬೆಲ್ಲ ಮೂರು ಟೀ ಚಮಚಕ್ಕೆ ಸಮ.

ಬಾದಾಮಿ ಡಬ್ಬಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾದಾಮಿ ಪಟ್ಟಿಯ ಕೊನೆಯಲ್ಲಿದ್ದರೆ ಇರುವುದು ಚೂರು. ಅದರ ಎಣ್ಣೆಯಂಶದಿಂದ ಮುಚ್ಚಳ ತೆಗೆದ ಮೇಲೆ ಪುಡಿ ಬೇಗ ಕಮಟುತ್ತದೆ.

ಮೊಳಕೆ ಹಿಟ್ಟಿನಲ್ಲೂ ಮೋಸ ಇರಬಹುದು. ಪರೀಕ್ಷೆ ಸುಲಭ. 10 ಗ್ರಾಂ ಹಿಟ್ಟನ್ನು 100 ಮಿ.ಲೀ. ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ. ಮೊಳಕೆ ಬಂದ ರಾಗಿಯಾದರೆ ಅದರ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಸಾದಾ ಹಿಟ್ಟಾದರೆ ಆರಿದ ಮೇಲೆ ರಾಗಿ ಸರಿಯ ಹಾಗೆ ಗಟ್ಟಿ ಕೂರುತ್ತದೆ. ಆದರೆ ಗಟ್ಟಿಯಾದ ಮಾತ್ರಕ್ಕೆ ಕಲಬೆರಕೆ ಎನ್ನಬೇಡಿ. ಮೊಳಕೆ ಕಾಳನ್ನು ಕೆಂಪಗೆ ಹುರಿದರೂ ಕಿಣ್ವ ಸಾಯುತ್ತದೆ. ಘಮ ಜೋರಾಗಿದ್ದಷ್ಟೂ ಹಾಗೆ ಹುರಿದಿರುವ ಅನುಮಾನ ಹೆಚ್ಚು.

ಒಬ್ಬರಿಗೆ ಎರಡು ದೊಡ್ಡ ಚಮಚ ಹಿಟ್ಟು ಸಾಕು. ಅರ್ಧ ಲೋಟ ತಣ್ಣೀರಲ್ಲಿ ಕಲಸಿ, ಕುದಿಯುವ ಒಂದು ಲೋಟ ನೀರಿಗೆ ಸುರಿಯುತ್ತಾ ತಿರುವಿ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಗಂಟು ಖಂಡಿತ: ಹೊರಗೆ ಬೆಂದ ಪದರ, ಒಳಗೆ ಒಣ ಹಿಟ್ಟು. ಹಸಿ ವಾಸನೆ ಹೋಗಲು ಆರೇಳು ನಿಮಿಷ ಬೇಕು. ಬೆಚ್ಚಗಾದ ಮೇಲೆ ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ. ಬಿಸಿಯಲ್ಲೇ ಹಾಕಿದರೆ ಮಜ್ಜಿಗೆ ಒಡೆಯುತ್ತದೆ.

ಸಕ್ಕರೆ ಕಾಯಿಲೆ ಇರುವವರು 'ರಾಗಿ ತಾನೇ' ಎಂದು ಎರಡೆರಡು ಲೋಟ ಕುಡಿಯುವುದು ಬೇಡ. ನುಣ್ಣನೆಯ ಹಿಟ್ಟಿನ ತೆಳು ಗಂಜಿ ಬೇಗ ಅರಗುತ್ತದೆ, ರಕ್ತದ ಸಕ್ಕರೆಯೂ ಅಷ್ಟೇ ಬೇಗ ಏರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಗಂಜಿಗೆ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ.

ಇನ್ನು ಅಳತೆ. ಒಬ್ಬಿಬ್ಬರ ಮನೆಗೆ ಅರ್ಧ ಕಿಲೋ ಪೊಟ್ಟಣವೇ ಸರಿ. ಕಿಲೋ ಅಗ್ಗ ಅಂತ ತಂದರೆ ಮಳೆಗಾಲದಲ್ಲಿ ಅರ್ಧ ಹುಳುವಿನ ಪಾಲು.